ಗೇಟು ಕೂಗಿದ್ದು ಅತ್ತೆಗೆ

ಊರಿನವರೆಲ್ಲ ಅವನನ್ನು ಬಾಂಬಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಬೇರೆ ಯಾರೂ ಕಾರಣರಲ್ಲ, ಅವನ ಬಾಯಿಯೇ ಕಾರಣ. ಊರಾಚೆಯ ಅಣು ವಿದ್ಯುತ್ ಸ್ಥಾವರದ ಮಾಹಿತಿ ಕೇಂದ್ರದಲ್ಲಿ ಅವನಿಗೆ ಕೆಲಸ. ಒಳಗೆ ಏನು ನಡೆಯುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಜನಕ್ಕೆ ತಿಳಿಸಿ ಹೇಳುವ ಕೆಲಸ. ಸೇರಿದ ಹೊಸತರಲ್ಲಿ ಮಾರುಕಟ್ಟೆ ಚೌಕದಲ್ಲಿ ಸಭೆ ಸೇರಿಸಿ, ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, "ಮೊದಲನೇ ಮಾತು, ಇದು ಬಾಂಬ್ ಅಲ್ಲ" ಅಂದ. ಅಲ್ಲಿಯವರೆಗೆ ಬಾಂಬಿನ ಯೋಚನೆಯೇ ಇಲ್ಲದೆ ಆಕಳಿಸುತ್ತ ಕೂತಿದ್ದ ಜನ ಧಡಕ್ಕನೆ ನೆಟ್ಟಗೆ ಕೂತರು. ಎರಡನೇ ಮಾತು ಏನಿತ್ತೋ, ಕೇಳಿಸಿಕೊಂಡವರು ಒಬ್ಬರೂ ಇಲ್ಲ.

ಆದರೂ ಮನುಷ್ಯ ಸೋಲುವ ಆಸಾಮಿಯಲ್ಲ. ಮಾಹಿತಿ ಕೇಂದ್ರದ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ "ನಾವು ಏನನ್ನೂ ಮುಚ್ಚಿಡುವುದಿಲ್ಲ" ಎಂದು ಬರೆಸಿದ. ರಿಯಾಕ್ಟರಿನ ಗಾಜಿನ ಮಾದರಿ ಮಾಡಿಸಿ ಒಳಗೆ ಬಲ್ಬು ಹಾಕಿಸಿದ. ಬಲ್ಬು ಆಗಾಗ ಸುಟ್ಟುಹೋಗುತ್ತಿತ್ತು, ಆಗ ಬಂದವರು "ಓಹೋ, ಇದೇನಾ ನಿಮ್ಮ ವಿದ್ಯುತ್ತು" ಎಂದು ಕಿಸಕ್ಕನೆ ನಗುತ್ತಿದ್ದರು. ಕೊನೆಗೆ ಅವನು ಎಲ್ಲ ಬಿಟ್ಟು ಮೇಜಿನ ಮೇಲೆ ಒಂದು ಕೆಟಲ್ ಇಟ್ಟ. "ನೀರು ಕಾಯ್ಸೋದು, ಆವಿ ಮಾಡೋದು, ಆ ಆವಿಯಿಂದ ಚಕ್ರ ತಿರುಗ್ಸೋದು. ಇಷ್ಟೇ. ಒಂದು ದೊಡ್ಡ ಕೆಟಲ್ಲು ಅಂದ್ಕೊಳ್ಳಿ" ಎಂದು ಶುರುಮಾಡಿದ.

"ಕೆಟಲ್ಲಂತೆ ಕೆಟಲ್ಲು! ನಮ್ಮನೆ ಕೆಟಲ್ಲಿಗೂ ಸುತ್ತ ಬೇಲಿ ಹಾಕ್ಸಿ ಬಂದೂಕಿನೋರನ್ನ ನಿಲ್ಲಿಸ್ಲಾ?"

ಹೀಗೆ ಕೇಳಿದವರು ಅವನ ಸ್ವಂತ ಅತ್ತೆ, ಹೆಂಡತಿಯ ತಾಯಿ. ಮಾರುಕಟ್ಟೆ ಬೀದಿಯಲ್ಲಿ ಅವರದು ಹೊಲಿಗೆ ಅಂಗಡಿ. ಗಂಡ ಹೋದ ಮೇಲೆ ಒಂದು ಮಿಷನ್ನು, ಒಂದು ಕತ್ತರಿ, ಒಂದು ನಾಲಿಗೆ ಇಟ್ಟುಕೊಂಡು ಮಗಳನ್ನು ಓದಿಸಿ ಟೀಚರ್ ಮಾಡಿದ ಹೆಂಗಸು. ಮೂರರಲ್ಲಿ ಯಾವುದು ಹೆಚ್ಚು ಹರಿತ ಎಂದು ಕೇಳಿದರೆ ಊರಿನವರು ಯೋಚನೆಯೇ ಮಾಡದೆ ಹೇಳುತ್ತಿದ್ದರು. ಅಳತೆ ಕೊಡಲು ಬಂದವರು ಎರಡು ಕೈ ಅಗಲಿಸಿ ನಿಲ್ಲಲೇಬೇಕಲ್ಲ, ತಪ್ಪಿಸಿಕೊಳ್ಳುವಂತಿಲ್ಲ. ಟೇಪು ಸುತ್ತುತ್ತ ಅತ್ತೆ ಅವರ ಕಿವಿಗೆ ಸ್ಥಾವರದ ಪುರಾಣ ತುಂಬುತ್ತಿದ್ದರು. ಗಾಳಿ ಕೆಟ್ಟಿತು, ನೀರು ಕೆಟ್ಟಿತು, ಬಟ್ಟೆ ಬೇಗ ಬಣ್ಣ ಬಿಡುತ್ತಿದೆ, ಎಲ್ಲ ಆ ಹಾಳು ಕೆಟಲ್ಲಿನಿಂದ. ಬಾಂಬಣ್ಣ ವರ್ಷಗಟ್ಟಲೆ ಕಟ್ಟಿದ್ದನ್ನು ಅತ್ತೆ ಒಂದು ಬ್ಲೌಸಿನ ಅಳತೆ ಮುಗಿಯುವಷ್ಟರಲ್ಲಿ ಬಿಚ್ಚಿಹಾಕುತ್ತಿದ್ದರು.

ಅವರ ಸಿಟ್ಟಿಗೆ ಒಂದು ಬೇರು ಇತ್ತು. ಅದು ನಗುವ ವಿಷಯವಲ್ಲ. ಎರಡು ವರ್ಷದ ಹಿಂದೆ ಮಗಳು ಬಸುರಿಯಾಗಿ, ನಾಲ್ಕನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡಿದ್ದಳು. ಇಂಥದ್ದು ಎಷ್ಟೋ ಜನಕ್ಕೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಅಳಿಯನ ಅಂಗಿಗೆ ಸಿಕ್ಕಿಸಿದ್ದ ಸ್ಥಾವರದ ಬ್ಯಾಡ್ಜನ್ನು ಒಂದು ಸಲ ನೋಡಿ ಮುಖ ತಿರುಗಿಸಿದರು. ಆ ಒಂದು ನೋಟದಲ್ಲಿ ಏನಿತ್ತೆಂದು ಬಾಂಬಣ್ಣನಿಗೆ ಅರ್ಥವಾಗದೆ ಇರಲಿಲ್ಲ. ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡ. ಹೆಂಡತಿಗೂ ಹೇಳಲಿಲ್ಲ. ಈಗ ಅವಳಿಗೆ ಮತ್ತೆ ಐದು ತಿಂಗಳು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು, ಜೋರಾಗಿ ಸೀನುವುದಕ್ಕೂ ಹೆದರುತ್ತಿದ್ದರು.

ಇಷ್ಟರಲ್ಲಿ ಬಿಸಿನೀರಿನ ಪೈಪಿನ ಮಾತು ಬಂತು. ವಿದ್ಯುತ್ ತಯಾರಾದ ಮೇಲೆ ಸ್ಥಾವರದಲ್ಲಿ ಬೇಕಾದಷ್ಟು ಶಾಖ ಉಳಿಯುತ್ತದೆ, ಸುಮ್ಮನೆ ಪೋಲಾಗುತ್ತದೆ. ಅದರಿಂದ ಊರಿನ ನೀರು ಕಾಯಿಸಿ ಆಸ್ಪತ್ರೆಗೆ, ಶಾಲೆಗೆ, ಚಳಿಗಾಲದಲ್ಲಿ ಬಾಗಿಲು ಹಾಕುವ ಈಜುಕೊಳಕ್ಕೆ ಪೈಪಿನಲ್ಲಿ ಕಳಿಸೋಣ ಎಂದು ಸ್ಥಾವರದವರು ಹೇಳಿದರು. "ಸ್ಥಾವರದ ನೀರು ನಿಮ್ಮ ನೀರಿಗೆ ಸೇರೋದೇ ಇಲ್ಲ. ಬಿಸಿನೀರಿನ ಬಕೆಟ್ಟಲ್ಲಿ ಹಾಲಿನ ಬಾಟ್ಲಿ ಇಟ್ರೆ ಹಾಲು ಬೆಚ್ಚಗಾಗಲ್ವಾ? ಬಕೆಟ್ಟಿನ ನೀರು ಬಾಟ್ಲಿಯೊಳಗೆ ಹೋಗುತ್ತಾ?" ಎಂದು ಬಾಂಬಣ್ಣ ಮನೆಮನೆಗೆ ಹೋಗಿ ಹೇಳಿ ಬಂದ. "ಬಾಟ್ಲಿ ಬಿರುಕು ಬಿಟ್ಟಿದ್ರೆ?" ಎಂದು ಅವನ ಹಿಂದೆಯೇ ಅತ್ತೆ ಕೇಳಿ ಬಂದರು. ನಿಜ ಹೇಳಬೇಕೆಂದರೆ ಪ್ರಶ್ನೆ ಚೆನ್ನಾಗಿಯೇ ಇತ್ತು. ಅದಕ್ಕೆ ಉತ್ತರವೂ ಇತ್ತು, ನಡುವೆ ಇನ್ನೊಂದು ಸುತ್ತಿನ ಕೊಳವೆ ಇಟ್ಟು ದಿನಾ ಪರೀಕ್ಷೆ ಮಾಡುತ್ತಾರೆ ಎಂದು. ಆದರೆ ಉತ್ತರ ಕೇಳುವ ವ್ಯವಧಾನ ಯಾರಿಗಿದೆ?

ಊರ ಸಮಿತಿಗೆ ಬೇಕರಿ ಯಜಮಾನರು ಅಧ್ಯಕ್ಷರು. ಸ್ಥಾವರದಲ್ಲಿ ಸಾರ್ವಜನಿಕರ ದಿನ ಇಟ್ಟುಕೊಳ್ಳಿ, ಎಲ್ಲರೂ ಬಂದು ನೋಡುತ್ತೇವೆ, ಸಂಜೆ ಅಲ್ಲೇ ಕೈ ಎತ್ತಿ ತೀರ್ಮಾನ ಮಾಡುತ್ತೇವೆ ಎಂದು ಅವರು ಹೇಳಿದರು. ಪೈಪು ಬಂದರೆ ಬಾಂಬಣ್ಣನ ಇಷ್ಟು ವರ್ಷದ ದುಡಿಮೆ ಸಾರ್ಥಕ. ಬರದಿದ್ದರೆ ಕೇಂದ್ರಕ್ಕೆ ಬೀಗ ಎಂದು ಸ್ಥಾವರದ ಡೈರೆಕ್ಟರು ಆಗಲೇ ಎರಡು ಸಲ ಸೂಚನೆ ಕೊಟ್ಟಿದ್ದರು.

ಅದಕ್ಕೆ ಬಾಂಬಣ್ಣ ತಲೆ ಓಡಿಸಿದ. ಅವನು ತಲೆ ಓಡಿಸಿದಾಗಲೆಲ್ಲ ಏನಾದರೂ ಎಡವಟ್ಟಾಗುತ್ತದೆ ಎಂದು ಗೊತ್ತಿದ್ದವರು ಅವನನ್ನು ಆಗಲೇ ತಡೆಯಬೇಕಿತ್ತು. ಸ್ಥಾವರದಿಂದ ಹೊರಗೆ ಹೋಗುವವರ ಮೈಮೇಲೆ ವಿಕಿರಣ ಇದೆಯೇ ಎಂದು ನೋಡಲು ಒಂದು ತಪಾಸಣೆ ಗೇಟು ಇರುತ್ತದೆ. ಒಳಗೆ ನಿಂತರೆ ಸಾಕು, ಇದ್ದರೆ ಕೆಂಪು ದೀಪ ಹತ್ತಿ ಕೂಗುತ್ತದೆ, ಇಲ್ಲದಿದ್ದರೆ ಹಸಿರು. ಅಂಥದ್ದೊಂದನ್ನು ಮಾಹಿತಿ ಕೇಂದ್ರದ ಬಾಗಿಲಿಗೆ ತಂದು ನಿಲ್ಲಿಸಬೇಕೆಂದು ಅವನು ವಿಕಿರಣ ಸುರಕ್ಷತೆಯ ಅಧಿಕಾರಿಗೆ ದುಂಬಾಲು ಬಿದ್ದ. ಆಕೆಗೆ ಸ್ಥಾವರದಲ್ಲಿ ಮೀಟರಮ್ಮ ಎಂದು ಹೆಸರು. ಕೈಯಲ್ಲಿ ಮೀಟರ್ ಇಲ್ಲದೆ ಆಕೆಯನ್ನು ಕಂಡವರಿಲ್ಲ.

"ಬರುವಾಗಲೂ ಗೇಟು ಸುಮ್ಮನಿರುತ್ತೆ, ಹೋಗುವಾಗಲೂ ಸುಮ್ಮನಿರುತ್ತೆ ಮೇಡಂ. ಜನ ಕಣ್ಣಾರೆ ನೋಡ್ತಾರೆ. ಆಮೇಲೆ ಅತ್ತೆ ಬಾಯಿಗೆ ಬೀಗ."

"ನಿಮ್ಮ ಅತ್ತೆ ವಿಷಯ ನಂಗೆ ಬೇಡ. ಗೇಟು ಇಡ್ತೀನಿ. ಆದ್ರೆ ಕೇಳೋದನ್ನ ಎಲ್ಲರಿಗೂ ಕೇಳ್ಬೇಕು" ಅಂದಳು ಮೀಟರಮ್ಮ.

ಕೇಳುವುದು ಅಂದರೆ, ಅದು ಸ್ಥಾವರದ ಪದ್ಧತಿ. ರಜೆ ಮುಗಿಸಿ ಬಂದವರನ್ನು ಅಲ್ಲಿ ಯಾರೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. "ಆಸ್ಪತ್ರೆಗೆ ಹೋಗಿದ್ರಾ? ಸ್ಕ್ಯಾನಿಗೆ ಚುಚ್ಚಿಸ್ಕೊಂಡ್ರಾ?" ಎಂದು ಕೇಳುತ್ತಾರೆ. ಕೆಲವು ಸ್ಕ್ಯಾನಿಗೆ ಮುಂಚೆ ವಿಕಿರಣ ಸೂಸುವ ಔಷಧಿಯನ್ನು ತೋಳಿಗೆ ಚುಚ್ಚುತ್ತಾರೆ. ಅದು ಒಂದೆರಡು ದಿನ ಮೈಯಲ್ಲಿದ್ದು ಹೋಗುತ್ತದೆ. ಅಷ್ಟರಲ್ಲಿ ಆ ಮನುಷ್ಯ ಗೇಟಿಗೆ ಬಂದರೆ, ಗೇಟಿಗೇನು ಗೊತ್ತು, ಕಳ್ಳ ಸಿಕ್ಕಿದ ಹಾಗೆ ಕೂಗಿಕೊಳ್ಳುತ್ತದೆ.

"ಬಂದ ನೆಂಟರನ್ನ ಬಾಗಿಲಲ್ಲೇ ನಿಲ್ಸಿ ನಿಮಗೆ ಏನು ಕಾಯಿಲೆ ಅಂತ ಕೇಳೋಕಾಗುತ್ತಾ ಮೇಡಂ? ಮರ್ಯಾದೆ ಅಂತ ಒಂದಿದೆ" ಎಂದ ಬಾಂಬಣ್ಣ. ಮರ್ಯಾದಸ್ಥ! ಕೇಳುವ ಕೆಲಸವನ್ನು ನನಗೇ ಬಿಡಿ ಎಂದು ವಹಿಸಿಕೊಂಡು, ಬಿಟ್ಟೇಬಿಟ್ಟ.

ಸಾರ್ವಜನಿಕರ ದಿನ ಬಂತು. ಬೆಳಿಗ್ಗೆ ಊರಿನಿಂದ ಬಸ್ಸು ತುಂಬ ಜನ ಬಂದರು. ಹೆಂಡತಿ ಶಾಲೆಯ ಟೀಚರುಗಳನ್ನು ಕರೆದುಕೊಂಡು ಮೊದಲೇ ಗೇಟು ದಾಟಿ ಒಳಗಿನ ಹಾಲಿಗೆ ಹೋಗಿದ್ದಳು. ಹೋಗುವಾಗ ಗಂಡನ ಹತ್ತಿರ ಬಂದು ಪಿಸುಗುಟ್ಟಿದಳು.

"ರೀ, ಅಮ್ಮ ಯಾಕೋ ಸಿಟ್ಟಾಗಿದ್ದಾಳೆ. ನಿನ್ನೆ ಗುಂಡಿ, ಜಿಪ್ಪು ತರ್ತೀನಿ ಅಂತ ಪೇಟೆಗೆ ಹೋದೋಳು, ಬರುವಾಗ ಮನೆಗೆ ಬಾ ಅಂದ್ರೆ ಬರ್ಲಿಲ್ಲ. ಬಸ್ಸಲ್ಲೂ ಪಕ್ಕಕ್ಕೆ ಕರೆದ್ರೆ ದುರ್ರಂತ ನೋಡಿ ಹಿಂದಿನ ಸೀಟಿಗೆ ಹೋಗಿ ಕೂತ್ಲು."

"ಸಿಟ್ಟು ನಿನ್ನ ಮೇಲಲ್ಲ ಬಿಡು, ನನ್ನ ಮೇಲೆ. ಇವತ್ತು ನನ್ನ ಮುಖಕ್ಕೆ ಮಸಿ ಬಳಿಯೋಕೆ ಮೂಡ್ ಮಾಡ್ಕೊಳ್ತಿದ್ದಾರೆ" ಎಂದು ಅವನು ನಕ್ಕ.

ಗೇಟಿನ ಮುಂದೆ ಸಾಲು ನಿಂತಿತು. ಬೇಕರಿ ಯಜಮಾನರು ಹೊಟ್ಟೆ ಒಳಗೆಳೆದುಕೊಂಡು ನಿಂತರು, ಹಸಿರು. ಕ್ಷೌರದ ಅಂಗಡಿಯವನು ನಿಂತ, ಹಸಿರು. ಒಬ್ಬೊಬ್ಬರಿಗೂ ಹಸಿರು ಬಂದಾಗ ಬಾಂಬಣ್ಣ ತಾನೇ ಹೆತ್ತವನಂತೆ ಬೀಗುತ್ತಿದ್ದ. ಆಮೇಲೆ ಅತ್ತೆ ಬಂದರು. ಹೊಸ ಸೀರೆ, ಕೈಯಲ್ಲಿ ಚೀಲ, ಮುಖದಲ್ಲಿ ಯುದ್ಧ.

"ಏನಪ್ಪಾ ಇದು, ಬಟ್ಟೆ ಇಲ್ಲದ ಟ್ರಯಲ್ ರೂಮು?" ಎನ್ನುತ್ತ ಒಳಗೆ ಕಾಲಿಟ್ಟರು.

ಗೇಟು ಕೂಗಿತು. ಕೂಗಿತು ಅಂದರೆ ಎಂಥ ಕೂಗು! ಕೆಂಪು ದೀಪ ಗರಗರ ತಿರುಗಿತು, ಹಾಲಿನಲ್ಲಿದ್ದವರ ಎದೆ ಧಸಕ್ಕೆಂದಿತು, ಯಾರ ಕೈಯಿಂದಲೋ ಕಾಫಿ ಕಪ್ಪು ಬಿತ್ತು. ಬಾಂಬಣ್ಣನ ಮುಖದ ನಗು ಹಾಗೇ ಹೆಪ್ಪುಗಟ್ಟಿತು.

ಅತ್ತೆಗೆ ಮೊದಲು ಬಂದದ್ದು ಭಯವಲ್ಲ, ಸಂತೋಷ. "ನೋಡಿದ್ರಾ! ನೋಡಿದ್ರಾ! ನಾನು ಬಡ್ಕೊಳ್ತಿರ್ಲಿಲ್ವಾ? ಇವರ ಗಾಳಿ ಕುಡಿದೂ ಕುಡಿದೂ ನನ್ನ ಮೈಯೆಲ್ಲ ತುಂಬ್ಕೊಂಡಿದೆ! ಇವರ ಮಿಷನ್ನೇ ಸಾಕ್ಷಿ ಹೇಳ್ತಿದೆ!" ಎಂದು ಗೆದ್ದವರ ಹಾಗೆ ಎರಡೂ ಕೈ ಎತ್ತಿ ಜನರ ಕಡೆ ತಿರುಗಿದರು.

ಜನ ಅವರ ಕಡೆ ಬರಲಿಲ್ಲ. ಹಿಂದಕ್ಕೆ ಸರಿದರು. ಅತ್ತೆ ಒಂದು ಹೆಜ್ಜೆ ಮುಂದಿಟ್ಟರೆ ಇಡೀ ಗುಂಪು ಎರಡು ಹೆಜ್ಜೆ ಹಿಂದೆ.

"ಅಮ್ಮಾ, ಸ್ವಲ್ಪ ಅಲ್ಲೇ ನಿಂತ್ಕೊಳ್ಳಿ" ಎಂದರು ಬೇಕರಿ ಯಜಮಾನರು ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ಬಸ್ಸಲ್ಲಿ ನಾನು ಇವರ ಪಕ್ಕದಲ್ಲೇ ಕೂತಿದ್ದೆ ಕಣ್ರೀ!"

"ಅಯ್ಯೋ, ನನ್ನ ಮಗಳ ಫ್ರಾಕು ಇವರ ಅಂಗಡೀಲೇ ಇದೆ" ಎಂದಳು ಒಬ್ಬಳು.

"ಹೊಲಿದಷ್ಟು ಸಾಕು, ಬಟ್ಟೆ ವಾಪಸ್ ಕೊಟ್ಬಿಡಿ" ಎಂದಳು ಇನ್ನೊಬ್ಬಳು. ಮೂರನೆಯವಳು, ಬೇಡವೇ ಬೇಡ, ಅಲ್ಲೇ ಸುಟ್ಟುಬಿಡಿ ಎಂದಳು. ಇವರೆಲ್ಲ ಕೈ ಅಗಲಿಸಿ ನಿಂತು ಅತ್ತೆಯ ಪುರಾಣ ಕೇಳಿದವರೇ. ಅತ್ತೆ ಹೇಳಿಕೊಟ್ಟ ಪಾಠವನ್ನೇ ಅತ್ತೆಗೆ ಒಪ್ಪಿಸುತ್ತಿದ್ದರು. ಎತ್ತಿದ ಕೈಗಳನ್ನು ಅವರು ನಿಧಾನವಾಗಿ ಇಳಿಸಿದರು.

ಮೀಟರಮ್ಮ ಓಡಿಬಂದು ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲಿದ್ದ ಇನ್ನೊಂದು ಯಂತ್ರವನ್ನು ಎದೆಯ ಹತ್ತಿರ ಹಿಡಿದಳು. ಯಾವ ವಸ್ತುವಿನಿಂದ ವಿಕಿರಣ ಬರುತ್ತಿದೆ ಎಂದು ಅದು ತೋರಿಸುತ್ತದೆ. ನೋಡಿದಳು, ಉಸಿರು ಬಿಟ್ಟಳು, ಬಾಂಬಣ್ಣನನ್ನು ಪಕ್ಕಕ್ಕೆ ಕರೆದಳು.

"ಆಸ್ಪತ್ರೆ ಔಷಧಿ. ನಿನ್ನೆ ಚುಚ್ಚಿರ್ಬೇಕು. ನೀವು ಕೇಳ್ಲಿಲ್ವಾ ಇವರನ್ನ?"

ಬಾಂಬಣ್ಣ ಅತ್ತೆಯ ಹತ್ತಿರ ಹೋಗಿ ಬಗ್ಗಿ ಕೂತ.

"ಅತ್ತೆ, ನಿನ್ನೆ ಗುಂಡಿ ತರೋಕೆ ಹೋಗಿದ್ರಲ್ಲ, ಯಾವ ಅಂಗಡಿಗೆ?"

"ಯಾವ ಅಂಗಡಿಯಾದ್ರೆ ನಿಮಗೇನ್ರೀ?"

"ಆ ಅಂಗಡೀಲಿ ತೋಳಿಗೆ ಚುಚ್ಚಿದ್ರಾ?"

ಗೇಟು ಕೂಗಿದ್ದು ಯಾಕೆಂದು ಈಗ ಅತ್ತೆಗೆ ಹೊಳೆಯಿತು. ಮುಖದ ಬಣ್ಣ ಇಳಿಯಿತು. ಅತ್ತಿತ್ತ ನೋಡಿ, ಮಗಳು ಕಾಣುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವನು ಯಾವತ್ತೂ ಕೇಳದ ಸಣ್ಣ ದನಿಯಲ್ಲಿ ಮಾತಾಡಿದರು.

"ಎದೆ, ಅಳಿಯಂದ್ರೇ. ಮೆಟ್ಟಿಲು ಹತ್ತಿದ್ರೆ ಹಿಡ್ಕೊಳ್ಳುತ್ತೆ. ಫೋಟೋ ತೆಗೆದಿದ್ದಾರೆ, ಮುಂದಿನ ವಾರ ಬನ್ನಿ ಅಂದ್ರು. ಅವಳಿಗೆ ಹೇಳ್ಬೇಡಿ. ಹೋದ ಸಲ ಹೇಗಾಯ್ತು ನಿಮಗೆ ಗೊತ್ತಲ್ಲ. ಈಗ ನನ್ನ ಯೋಚನೇಲಿ ಅವಳಿಗೆ ಏನಾದ್ರೂ ಆದ್ರೆ ನಾನು ಬದುಕಿರಲ್ಲ. ಹೆರಿಗೆ ಆಗೋವರೆಗೂ ಬೇಡ. ನಿಮಗೆ ಕೈ ಮುಗೀತೀನಿ."

ಮುಗಿದೇಬಿಟ್ಟರು. ಅವನು ಗಾಬರಿಯಾಗಿ ಆ ಕೈಗಳನ್ನು ಹಿಡಿದು ಇಳಿಸಿದ. "ಇಲ್ಲ ಅತ್ತೆ. ಹೇಳಲ್ಲ" ಅಂದ. ಅಂದುಬಿಟ್ಟ ಮೇಲೆ ತಾನೇನು ಅಂದೆ ಎಂದು ಅವನಿಗೆ ತಿಳಿಯಿತು.

ಏಕೆಂದರೆ ಅಷ್ಟರಲ್ಲಿ ಇಡೀ ಹಾಲು ಅವನ ಕಡೆ ತಿರುಗಿತ್ತು. ಗದ್ದಲ ಕೇಳಿ ಡೈರೆಕ್ಟರೂ ಇಳಿದು ಬಂದಿದ್ದರು. ಬೇಕರಿ ಯಜಮಾನರು ಕರವಸ್ತ್ರದೊಳಗಿಂದಲೇ ಕೇಳಿದರು:

"ಇವರ ಮೈಯಲ್ಲಿ ಅದು ಹೇಗೆ ಬಂತು? ಪ್ಲಾಂಟಿಂದ ಬಂತಾ ಇಲ್ವಾ? ಒಂದೇ ಮಾತಲ್ಲಿ ಹೇಳು."

"ಪ್ಲಾಂಟಿಂದ ಬಂದಿದ್ದಲ್ಲ."

"ಮತ್ತೆ ಎಲ್ಲಿಂದ ಬಂತು?"

"ಗೊತ್ತು. ಆದ್ರೆ ಹೇಳಲ್ಲ."

ಇದನ್ನು ಅವನು ಹೇಳಿದ್ದು ಎಲ್ಲಿ ನಿಂತುಕೊಂಡು? "ನಾವು ಏನನ್ನೂ ಮುಚ್ಚಿಡುವುದಿಲ್ಲ" ಎಂಬ ಆಳೆತ್ತರದ ಅಕ್ಷರಗಳ ಕೆಳಗೆ. ಕ್ಷೌರದ ಅಂಗಡಿಯವನು ಆ ಸಾಲನ್ನು ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದ. ಹೋ ಎಂದು ಗಲಾಟೆ ಎದ್ದಿತು. ಇವರ ಹಣೆಬರಹವೇ ಇಷ್ಟು ಎಂದರು, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದರು, ಪೈಪು ತಂದು ಇವರ ಮನೆಗೇ ಹಾಕಿಕೊಳ್ಳಲಿ ಎಂದರು.

ಡೈರೆಕ್ಟರು ಅವನ ತೋಳು ಹಿಡಿದು ಕಂಬದ ಹಿಂದೆ ಎಳೆದರು. "ಏನಯ್ಯಾ ನಿಂದು? ಗೊತ್ತಿದ್ರೆ ಹೇಳಿ ಸಾಯಿ!"

"ಆಗಲ್ಲ ಸಾರ್."

"ಸ್ಕ್ಯಾನ್ ಮಾಡಿಸ್ಕೊಂಡೋರಿಗೆ ಒಮ್ಮೊಮ್ಮೆ ಹೀಗಾಗುತ್ತೆ ಅಂತ ಸಾಮಾನ್ಯವಾಗಿ ಹೇಳು. ಯಾರ ಹೆಸರೂ ಬೇಡ."

"ಗೇಟು ಒಬ್ಬರಿಗೇ ಕೂಗಿದೆ ಸಾರ್. ಇನ್ನು ಹೆಸರು ಯಾಕೆ ಬೇಕು?"

ಡೈರೆಕ್ಟರು ಮೀಟರಮ್ಮನ ಕಡೆ ನೋಡಿದರು. ಆಕೆ ಯಂತ್ರವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ಅವರ ಮೈ, ಅವರ ವಿಷಯ. ಅವರು ಹೇಳಿ ಅಂದ್ರೆ ಹೇಳ್ತೀನಿ, ಇಲ್ಲಾಂದ್ರೆ ಇಲ್ಲ" ಅಂದಳು.

"ಹಾಗಾದ್ರೆ ಪೈಪೂ ಹೋಯ್ತು, ನಿನ್ನ ಕೇಂದ್ರನೂ ಹೋಯ್ತು ಅಂತ ತಿಳ್ಕೋ" ಎಂದು ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತರು.

ಬಾಂಬಣ್ಣನಿಗೆ ಅಳು ಬಂದಂತಾಯಿತು. ಎಷ್ಟು ವರ್ಷ ಬಾಯಿ ನೋಯುವಷ್ಟು ಮಾತಾಡಿದ್ದ! ಬಾಗಿಲು ಮುಖಕ್ಕೆ ಹಾಕಿಸಿಕೊಂಡಿದ್ದ, ಮಕ್ಕಳ ಕೈಯಲ್ಲೂ ಬಾಂಬಣ್ಣ ಅನ್ನಿಸಿಕೊಂಡಿದ್ದ. ಈಗ ಒಂದು ವಾಕ್ಯ ಹೇಳಿದರೆ ಎಲ್ಲವೂ ಉಳಿಯುತ್ತದೆ. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಕೂತಿದೆ. ಇಷ್ಟು ವರ್ಷ ತನ್ನ ಕಾಲೆಳೆದ ಹೆಂಗಸಿಗಾಗಿ ಅದನ್ನು ನುಂಗಿಕೊಂಡು ನಿಂತಿದ್ದೇನಲ್ಲ, ನನ್ನಂಥ ಪೆದ್ದ ಇನ್ನೊಬ್ಬ ಇದ್ದಾನೆಯೇ ಎಂದುಕೊಂಡ. ಎಂದುಕೊಂಡನೇ ಹೊರತು ಬಾಯಿ ಬಿಡಲಿಲ್ಲ.

ಅತ್ತ ಅತ್ತೆ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಸುತ್ತ ಒಂದು ಲಾರಿ ತಿರುಗಿಸುವಷ್ಟು ಜಾಗ ಖಾಲಿ. ನೀರು ಬೇಕು ಎಂದು ಕೇಳಿದರು. ಲೋಟ ಹಿಡಿದು ಬಂದವಳು ಅರ್ಧ ದಾರಿಯಲ್ಲೇ ನೆಲದ ಮೇಲಿಟ್ಟು ಓಡಿದಳು. ಅಳಿಯನ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಅವನನ್ನೇ ನೋಡುತ್ತಿದ್ದರು.

ಆಗ ಒಳಗಿನ ಹಾಲಿನಿಂದ ಹೆಂಡತಿ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು: ಗೋಡೆಗೆ ಒತ್ತಿಕೊಂಡ ಊರು, ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಅಮ್ಮ. ಏನಾಯಿತು ಎಂದು ಯಾರೋ ಗಡಿಬಿಡಿಯಲ್ಲಿ ಹೇಳಿದರು. ಹತ್ತಿರ ಹೋಗಬೇಡಿ ಟೀಚರ್ ಎಂದು ಸೆರಗು ಹಿಡಿದರು. ಅವಳು ಸೆರಗು ಕೊಡವಿಕೊಂಡು ಆ ಖಾಲಿ ಜಾಗದೊಳಗೆ ನಡೆದಳು.

"ಅಮ್ಮಾ, ಏಳು. ಮನೆಗೆ ಹೋಗೋಣ ಬಾ."

ಅತ್ತೆ ಎದ್ದರು. ಎದ್ದು ಕುರ್ಚಿಯ ಹಿಂದೆ ಹೋದರು. "ನೀನು ಹೋಗೇ ಆ ಕಡೆ!"

"ಯಾಕೆ? ಇವರೆಲ್ಲ ದೂರ ನಿಂತ್ರೆ ನಾನೂ ನಿಲ್ಬೇಕಾ? ನಾನು ನಿನ್ನ ಮಗಳು."

"ಅದಕ್ಕೇ ಹೇಳ್ತಿರೋದು, ಬರ್ಬೇಡ!"

ಮಗಳು ಬಲಗಡೆಯಿಂದ ಬಂದರೆ ಅತ್ತೆ ಎಡಗಡೆ. ಎಡಗಡೆಯಿಂದ ಬಂದರೆ ಬಲಗಡೆ. ಐದು ತಿಂಗಳ ಬಸುರಿ, ಎದೆನೋವಿನ ತಾಯಿ, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಕಣ್ಣೀರು ಬರುವ ಹೊತ್ತಿನಲ್ಲಿ ಇಬ್ಬರೂ ಮುಟ್ಟಾಟ ಆಡುವವರ ಹಾಗೆ ಸುತ್ತುತ್ತಿದ್ದರು. ಕೊನೆಗೆ ಮಗಳು ಕುರ್ಚಿಯನ್ನೇ ಎತ್ತಿ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ ಮುಂದೆ ಬಂದಳು. ಅತ್ತೆಯ ಬೆನ್ನಿಗೆ ಗೋಡೆ ತಗಲಿತು. ಹೋಗಲು ಜಾಗವಿರಲಿಲ್ಲ.

"ಬಸುರಿ ಹತ್ತಿರ ಹೋಗ್ಬೇಡ ಅಂದಿದ್ದಾರೆ ಕಣೇ ಡಾಕ್ಟರು!" ಎಂದು ಕಿರುಚಿದರು.

ಮಗಳ ಚಾಚಿದ ಕೈಗಳು ಇಳಿದವು.

"ಯಾವ ಡಾಕ್ಟರು?" ಎಂದಳು ಮಗಳು.

ಅತ್ತೆ ಅಳಿಯನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮುಚ್ಚಿಡುವ ಚಟವೂ ಅತ್ತೆಗೆ ಇರಲಿಲ್ಲ, ನಿನ್ನೆ ಒಂದು ದಿನ ಬಿಟ್ಟರೆ.

"ಎದೆ ಡಾಕ್ಟರು. ನಿನ್ನೆ ಗುಂಡಿ ತರೋಕೆ ಹೋಗಿರ್ಲಿಲ್ಲ. ಔಷಧಿ ಚುಚ್ಚಿ ಎದೆ ಫೋಟೋ ತೆಗೆದ್ರು. ಇವತ್ತೆಲ್ಲ ಬಸುರಿ, ಬಾಣಂತಿ, ಹಸುಗೂಸು ಯಾರ ಪಕ್ಕದಲ್ಲೂ ಕೂರ್ಬೇಡಿ ಅಂದ್ರು. ಅದಕ್ಕೇ ಮನೆಗೆ ಬರ್ಲಿಲ್ಲ, ಅದಕ್ಕೇ ಬಸ್ಸಲ್ಲಿ ನಿನ್ನ ಪಕ್ಕ ಕೂರ್ಲಿಲ್ಲ. ಗೇಟು ಕೂಗಿದ್ದೂ ಅದಕ್ಕೇ ಅಂತೆ. 'ಅಂತೆ' ಏನು ಬಂತು, ಅದಕ್ಕೇ." ಜನರ ಕಡೆ ತಿರುಗಿ ಗದರಿದರು: "ಕೇಳಿಸ್ತಾ ಎಲ್ಲರಿಗೂ? ಅಳಿಯಂದ್ರಿಗೆ ಗೊತ್ತಿತ್ತು. ಹೇಳ್ಬೇಡಿ ಅಂತ ನಾನೇ ಕೈ ಮುಗಿದಿದ್ದೆ. ಅವರನ್ನ ಬೈದೋರೆಲ್ಲ ಈಗ ಬಾಯಿ ತೊಳ್ಕೊಳ್ಳಿ!"

ಬೇಕರಿ ಯಜಮಾನರು ಕರವಸ್ತ್ರ ಇಳಿಸಿದರು. "ಹಾಗಾದ್ರೆ ಆ ಔಷಧೀಲಿ ಇರೋದೂ ಇದೇನಾ? ನೀವು ಇಷ್ಟು ದಿನ ಬೈದಿದ್ದೇ?"

"ಇದರ ನೆಂಟಸ್ತಿಕೇದೇ" ಎಂದಳು ಮೀಟರಮ್ಮ, ಈಗ ಅನುಮತಿ ಸಿಕ್ಕಿದ್ದರಿಂದ. "ಬೇರೆ ಕಡೆ, ಬೇರೆ ತರದ ರಿಯಾಕ್ಟರಲ್ಲಿ ತಯಾರಾಗುತ್ತೆ. ಇದು ನಮ್ಮಲ್ಲಿ ಹುಟ್ಟಿದ್ದಲ್ಲ."

"ಗೊತ್ತಿದ್ದೂ ಚುಚ್ಚಿಸ್ಕೊಂಡ್ರಾ?"

"ಗೊತ್ತಿತ್ತು. ಬಾಯಿಬಿಟ್ಟು ಹೇಳಿಯೇ ಚುಚ್ಚಿದ್ರು" ಎಂದರು ಅತ್ತೆ ಮುಖ ಸಿಂಡರಿಸಿ. "ಸಾಯೋದಕ್ಕಿಂತ ವಾಸಿ ಅನ್ನಿಸ್ತು. ಪ್ಲಾಂಟಿನ ಮೇಲಿನ ಸಿಟ್ಟು ಬೇರೆ, ಎದೆನೋವು ಬೇರೆ."

ಯಾರೋ ನಕ್ಕರು. ಆಮೇಲೆ ಪ್ರಶ್ನೆಗಳು ಬಂದವು, ಈ ಸಲ ನಿಜವಾದ ಪ್ರಶ್ನೆಗಳು. ಎಷ್ಟು ದಿನ ಇರುತ್ತದೆ, ಎಲ್ಲಿ ಹೋಗುತ್ತದೆ, ಎಷ್ಟಾದರೆ ಅಪಾಯ, ಎಷ್ಟಾದರೆ ಇಲ್ಲ, ಪೈಪು ಬಿರುಕು ಬಿಟ್ಟರೆ ಯಾರಿಗೆ ಮೊದಲು ತಿಳಿಯುತ್ತದೆ. ಸಂಜೆ ಪೈಪಿಗೆ ಒಪ್ಪಿಗೆ ಸಿಕ್ಕಿದ್ದೂ, ಅತ್ತೆ ಮಾತ್ರ ಹಟಕ್ಕೆ ಬಿದ್ದು ಬೇಡ ಎಂದೇ ಕೈ ಎತ್ತಿದ್ದೂ ಬೇರೆ ಮಾತು. ಆ ಹೊತ್ತಿಗೆ ಬಾಂಬಣ್ಣನಿಗೆ ಪೈಪಿನ ನೆನಪೇ ಇರಲಿಲ್ಲ. ಅವನ ಹೆಂಡತಿ ಎರಡು ಮಾರು ದೂರದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಎದೆನೋವು ಇಟ್ಕೊಂಡು ನನಗೆ ಹೇಳ್ಲಿಲ್ವಲ್ಲಮ್ಮಾ ನೀನು."

"ಅಳ್ಬೇಡ್ವೇ, ಅಳ್ಬಾರದು ನೀನು" ಎನ್ನುತ್ತ ಅತ್ತೆ ತಾವೂ ಅಳತೊಡಗಿದರು. ಕೈ ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು. ಕೊನೆಗೆ ತಡೆಯಲಾರದೆ ಅಳಿಯನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅವನನ್ನು ಅವರು ಕೇಳಿದ ಪ್ರಶ್ನೆಗಳೆಲ್ಲ ಕುಟುಕುವುದಕ್ಕೆ ಕೇಳಿದವು. ಇದು ಹಾಗಿರಲಿಲ್ಲ.

"ಅಳಿಯಂದ್ರೇ, ನಿಜ ಹೇಳಿ. ಇವಳು ನನ್ನಿಂದ ಎಷ್ಟು ದೂರ ನಿಲ್ಬೇಕು?"

ಬಾಂಬಣ್ಣ ಮೀಟರಮ್ಮನ ಯಂತ್ರವನ್ನು ನೋಡಿದ, ಆಕೆ ತಲೆಯಾಡಿಸಿದಳು. "ಈಗ ಬಹಳ ಕಮ್ಮಿಯಾಗಿದೆ ಅತ್ತೆ. ಇಡೀ ದಿನ ಅಂಟ್ಕೊಂಡು ಕೂರೋದು ಬೇಡ, ಅಷ್ಟೇ. ಒಂದು ಸಲ ಅಪ್ಕೊಂಡ್ರೆ ಮಗೂಗೆ ಏನೂ ಆಗಲ್ಲ."

ಅತ್ತೆ ಅವನ ಮುಖವನ್ನೇ ದಿಟ್ಟಿಸಿದರು. ಸುತ್ತ ಜನ ಇದ್ದಾರೆ ಎಂಬುದು ಅವರಿಗೆ ಮರೆತೇಹೋಗಿತ್ತು.

"ಹೋದ ಸಲದ್ದು ನಿಮ್ಮ ಈ ಕೆಲಸದಿಂದಲೇ ಹೋಯ್ತು ಅಂತ ನಾನು ಇವತ್ತಿನವರೆಗೂ ಅಂದ್ಕೊಂಡಿದ್ದೀನಿ. ಈಗ ನಿಮ್ಮ ಮಾತು ಹೇಗೆ ನಂಬ್ಲಿ, ಹೇಳಿ?"

ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ಮನುಷ್ಯ. ಬಕೆಟ್ಟು, ಬಾಟಲಿ, ಕೆಟಲ್ಲು ಎಂದು ಬಡಬಡಿಸುತ್ತಿದ್ದವನು.

"ಹೋದ ಸಲದ್ದೂ ನನ್ನ ಮಗೂನೇ ಅಲ್ವಾ ಅತ್ತೆ?" ಎಂದ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮೂಗು ಒರೆಸಿಕೊಂಡರು. ಮಗಳು ಒಂದು ಹೆಜ್ಜೆ ಮುಂದಿಟ್ಟಾಗ ಅಂಗೈ ತೋರಿಸಿ ತಡೆದರು.

"ನೀನಲ್ಲ, ತಾಳು. ಮೊದಲು ಅವರು ಬರ್ಲಿ. ಅವರಿಗೆ ಏನೂ ಆಗ್ಲಿಲ್ಲಾಂದ್ರೆ ಆಮೇಲೆ ನೀನು."

ಊರೆಲ್ಲ ಗೊಳ್ಳೆಂದು ನಕ್ಕಿತು. ಬಾಂಬಣ್ಣ ನಾಚಿಕೊಂಡು, ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ, ಅತ್ತೆಯ ಮುಂದೆ ಹೋಗಿ ನಿಂತ. ಅತ್ತೆ ಅವನನ್ನು ಬರಸೆಳೆದು ಅಪ್ಪಿಕೊಂಡರು, ಅವನ ಭುಜದ ಮೇಲೆ ಮುಖವಿಟ್ಟು ಎರಡು ವರ್ಷದ ಅಳುವನ್ನೆಲ್ಲ ಅತ್ತರು. ಎಷ್ಟು ಹೊತ್ತಾದರೂ ಬಿಡಲಿಲ್ಲ, ಮಗಳು ತನ್ನ ಸರದಿ ಕಾಯುತ್ತ ನಿಂತೇ ಇದ್ದಳು.